ಪದ ಪರಿಚಯ: ಹಕ್ಕುಸ್ವಾಮ್ಯ ಹಸ್ತಾಂತರ

ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶದ ಯೋಜನೆಯೊಂದಕ್ಕೆ ಕೋಡ್ ಬರೆದುಕೊಟ್ಟವರು ಅದರ ಮೇಲೆ ತಮಗಿರುವ ಹಕ್ಕುಸ್ವಾಮ್ಯವನ್ನು ಲಿಖಿತ ಒಪ್ಪಂದದ ಮೂಲಕ ಯೋಜನೆಯ ಹೊಣೆ ಹೊತ್ತ ಸಂಸ್ಥೆಗೆ ಬಿಟ್ಟುಕೊಡುವುದೇ ಹಕ್ಕುಸ್ವಾಮ್ಯ ಹಸ್ತಾಂತರ. ಪರವಾನಗಿ ನೀಡಿದಾಗ ಒಡೆತನ ಬರೆದವರಲ್ಲೇ ಉಳಿದು, ಬಳಸುವ, ತಿದ್ದುವ ಮತ್ತು ಹಂಚುವ ಅನುಮತಿಯಷ್ಟೇ ಇತರರಿಗೆ ದೊರೆಯುತ್ತದೆ. ಹಸ್ತಾಂತರದಲ್ಲಿ ಒಡೆತನವೇ ಕೈಬದಲಾಗುತ್ತದೆ. ಹಲವು ಮುಕ್ತ ತಂತ್ರಾಂಶ ಯೋಜನೆಗಳನ್ನು ನಡೆಸುವ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ಕೊಡುಗೆದಾರರಿಂದ ಪಡೆಯುವ ಒಪ್ಪಂದ ಪರವಾನಗಿಯದೇ ಹೊರತು ಹಸ್ತಾಂತರದ್ದಲ್ಲ.

ಯಾವ ಒಪ್ಪಂದವೂ ಇಲ್ಲದಿದ್ದರೆ ಪ್ರತಿಯೊಬ್ಬ ಕೊಡುಗೆದಾರರೂ ತಾವು ಬರೆದ ಭಾಗಕ್ಕೆ ಒಡೆಯರಾಗಿಯೇ ಇರುತ್ತಾರೆ. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್ ಹೀಗೆಯೇ ಬೆಳೆದಿದ್ದು, ಅದರ ಒಡೆಯರು ಸಾವಿರಾರು ಮಂದಿ. ಅದಕ್ಕಿರುವ ಜಿಪಿಎಲ್ (ತಿದ್ದಿ ಹಂಚಿದ ಆವೃತ್ತಿಗಳೂ ಮುಕ್ತವಾಗಿಯೇ ಇರಬೇಕೆನ್ನುವ ಪರವಾನಗಿ) ಎರಡನೆಯ ಆವೃತ್ತಿಯನ್ನು ಬಿಟ್ಟು ಬೇರೆ ಪರವಾನಗಿಗೆ ಹೋಗಬೇಕೆಂದರೆ ಅವರೆಲ್ಲರ ಒಪ್ಪಿಗೆ ಪಡೆಯಬೇಕಾಗುತ್ತದೆ, ಇಲ್ಲವೇ ಒಪ್ಪದವರ ಕೋಡನ್ನು ತೆಗೆದು ಹೊಸದಾಗಿ ಬರೆಯಬೇಕಾಗುತ್ತದೆ. ಕಾರ್ಯತಃ ಇದು ಅಸಾಧ್ಯ; ಆ ಅಸಾಧ್ಯತೆಯೇ ಕೊಡುಗೆದಾರರಿಗೆ ದೊಡ್ಡ ರಕ್ಷಣೆಯೂ ಹೌದು.

ಜಿಎನ್‌ಯು ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಯೋಜನೆಯ ಹಿಂದಿರುವ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಬೇರೆ ದಾರಿ ಹಿಡಿಯಿತು. ಪರವಾನಗಿ ಉಲ್ಲಂಘಿಸಿದವರ ವಿರುದ್ಧ ನ್ಯಾಯಾಲಯಕ್ಕೆ ಹೋಗುವಾಗ ಹಕ್ಕೆಲ್ಲವೂ ಒಂದೇ ಕೈಯಲ್ಲಿದ್ದರೆ ವಾದ ಗಟ್ಟಿಯಾಗುತ್ತದೆ ಎಂಬುದು ಅದರ ನಿಲುವು. ಈ ವ್ಯವಸ್ಥೆಯಲ್ಲಿ ಹದಿನೈದು ಸಾಲಿನ ಆಸುಪಾಸಿನ ಸಣ್ಣ ತಿದ್ದುಪಡಿಗೆ ಪತ್ರದ ಅಗತ್ಯವಿಲ್ಲ. ಅದಕ್ಕಿಂತ ದೊಡ್ಡದಾದರೆ ಹಸ್ತಾಂತರ ಪತ್ರಕ್ಕೆ ಸಹಿ ಹಾಕಬೇಕು. ನೌಕರಿಯಲ್ಲಿರುವಾಗ ಬರೆದ ಕೋಡ್ ಮಾಲೀಕರಿಗೆ ಸೇರುವ ಸಾಧ್ಯತೆ ಇರುವುದರಿಂದ, ತಮಗೆ ಅದರ ಮೇಲೆ ಹಕ್ಕಿಲ್ಲವೆಂದು ಅವರೂ ಬರೆದುಕೊಡಬೇಕಾಗಬಹುದು. ಪ್ರತಿಯಾಗಿ ಫೌಂಡೇಶನ್, ಆ ಕೋಡನ್ನು ಮುಕ್ತವಾಗಿಯೇ ವಿತರಿಸುವುದಾಗಿ ಮಾತು ಕೊಟ್ಟು, ಬರೆದವರು ತಮ್ಮ ಕೋಡನ್ನು ಬೇರೆಡೆಯೂ ಬಳಸಿಕೊಳ್ಳುವ ಹಕ್ಕನ್ನು ಅವರಿಗೆ ಮರಳಿ ನೀಡುತ್ತದೆ.

ಹಸ್ತಾಂತರದ ಒಳಿತು ಕೆಡುಕೆಲ್ಲ ಹಕ್ಕು ಯಾರ ಕೈ ಸೇರುತ್ತದೆ ಮತ್ತು ಪ್ರತಿಯಾಗಿ ಅವರು ಏನನ್ನು ಬರೆದುಕೊಡುತ್ತಾರೆ ಎಂಬುದನ್ನು ಅವಲಂಬಿಸಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹಕ್ಕನ್ನು ಪಡೆದದ್ದು ಕಂಪನಿಯಾಗಿದ್ದು, ಮುಕ್ತವಾಗಿಡುವ ಷರತ್ತು ಪತ್ರದಲ್ಲಿ ಇಲ್ಲದಿದ್ದರೆ, ಸ್ವಯಂಸೇವಕರು ಬರೆದ ಕೋಡನ್ನೇ ಅದು ಮುಚ್ಚಿದ ಪರವಾನಗಿಯಡಿ ಮಾರಬಹುದು. ಕಂಪನಿ ಮಾರಾಟವಾದರೆ ಹಕ್ಕೂ ಅದರೊಂದಿಗೆ ಹೊಸ ಮಾಲೀಕರಿಗೆ ಹೋಗುತ್ತದೆ. ಈಗಾಗಲೇ ಬಿಡುಗಡೆಯಾದ ಮುಕ್ತ ಆವೃತ್ತಿಗಳು ಮಾತ್ರ ಮುಕ್ತವಾಗಿಯೇ ಉಳಿಯುತ್ತವೆ. ಕಚೇರಿ ಕೆಲಸದ ಮುಕ್ತ ತಂತ್ರಾಂಶವಾದ ಓಪನ್ ಆಫೀಸಿಗೆ ಕೊಡುಗೆ ನೀಡಿದವರು, ಅದನ್ನು ನಡೆಸುತ್ತಿದ್ದ ಸನ್ ಕಂಪನಿಯನ್ನು ತಮ್ಮ ಕೋಡಿನ ಜಂಟಿ ಒಡೆಯನನ್ನಾಗಿ ಮಾಡಿಕೊಳ್ಳುವ ಪತ್ರಕ್ಕೆ ಸಹಿ ಹಾಕುತ್ತಿದ್ದರು. 2010ರಲ್ಲಿ ಸನ್ ಒರಾಕಲ್ ಪಾಲಾಯಿತು. ಅದೇ ವರ್ಷ ಓಪನ್ ಆಫೀಸಿನ ಕೋಡಿನಿಂದಲೇ ಪ್ರತ್ಯೇಕ ಯೋಜನೆಯಾಗಿ ಕವಲೊಡೆದ ಲಿಬ್ರೆ ಆಫೀಸ್, ಯಾರಿಂದಲೂ ಹಸ್ತಾಂತರ ಕೇಳುವುದಿಲ್ಲವೆಂದು ತೀರ್ಮಾನಿಸಿತು.

ಜರ್ಮನಿಯಂಥ ದೇಶಗಳ ಕಾನೂನಿನಲ್ಲಿ ಲೇಖಕರ ಹಕ್ಕನ್ನು ಬದುಕಿರುವಾಗ ಪೂರ್ತಿಯಾಗಿ ವರ್ಗಾಯಿಸಲು ಬರುವುದಿಲ್ಲ. ಹಾಗಾಗಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಯುರೋಪ್ ರೂಪಿಸಿದ ಒಪ್ಪಂದ ಹಕ್ಕನ್ನು ವಿಶ್ವಸ್ತರ ಕೈಗೊಪ್ಪಿಸುವ ಸ್ವರೂಪದ್ದಾಗಿದ್ದು, ವಿಶ್ವಸ್ತ ಸಂಸ್ಥೆ ಮುಕ್ತ ತಂತ್ರಾಂಶದ ತತ್ತ್ವವನ್ನು ಮೀರಿದರೆ ಹಕ್ಕು ಬರೆದವರಿಗೆ ಮರಳಬೇಕೆಂಬ ಷರತ್ತು ಅದರಲ್ಲಿದೆ. ಇಂಥ ಷರತ್ತು ಎಲ್ಲ ಪತ್ರಗಳಲ್ಲೂ ಇರಬೇಕಿತ್ತು.

ಲಿನಕ್ಸ್ ಕರ್ನಲ್‌ನಲ್ಲಿ 2004ರಿಂದ ಹಗುರವಾದ ಪದ್ಧತಿಯೊಂದು ನಡೆದುಬಂದಿದೆ. ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಕಳಿಸುವವರು ವಿವರಣೆಯ ಕೊನೆಗೆ ‘ಸೈನ್ಡ್-ಆಫ್-ಬೈ’ ಎಂದು ಬರೆದು ತಮ್ಮ ಹೆಸರು ಮತ್ತು ಇಮೇಲ್ ವಿಳಾಸ ಸೇರಿಸುತ್ತಾರೆ. ಈ ಕೋಡನ್ನು ಸಲ್ಲಿಸುವ ಹಕ್ಕು ತಮಗಿದೆ ಎಂಬ ಘೋಷಣೆ ಅದು, ಒಡೆತನ ಎಲ್ಲಿಗೂ ಹೋಗುವುದಿಲ್ಲ. 2021ರಲ್ಲಿ, ಬರೆದ ಕೋಡನ್ನು ಯಂತ್ರಭಾಷೆಗೆ ತರ್ಜುಮೆ ಮಾಡುವ ಜಿಎನ್‌ಯುವಿನ ಜಿಸಿಸಿ ಕಂಪೈಲರ್ ಯೋಜನೆಯೂ ಹಸ್ತಾಂತರದ ಕಡ್ಡಾಯವನ್ನು ಕೈಬಿಟ್ಟು, ಈ ಒಂದು ಸಾಲನ್ನೂ ಒಪ್ಪಿಕೊಳ್ಳತೊಡಗಿತು.