ಕಂಟ್ರೋಲ್ ಗ್ರೂಪ್: ಮದ್ದು ಹೊಡೆಯದ ಮರಗಳ ಲೆಕ್ಕ

ಶಿರಸಿ ಕಡೆ ಮಳೆ ಹಿಡಿಯುವ ಮುಂಚೆ ಅಡಿಕೆ ತೋಟ ಇರುವವರಿಗೆಲ್ಲ ಒಂದೇ ಗಡಿಬಿಡಿ. ಮೈಲುತುತ್ತ ಬಂತಾ, ಸುಣ್ಣ ಬಂತಾ, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಯಾವತ್ತು ಸಿಗ್ತಾನೆ? ಕಾಯಿ ಉದುರಿಸುವ ಕೊಳೆ ರೋಗ ಬರುವ ಮೊದಲೇ ಆ ಎರಡನ್ನೂ ಸೇರಿಸಿದ ಬೋರ್ಡೋ ದ್ರಾವಣ ಹೊಡೆದು ಮುಗಿಸಬೇಕು. ನಮ್ಮ ಅಪ್ಪಚ್ಚಿ ಒಂದು ವರ್ಷ ಯಾರೋ ಹೇಳಿದರು ಅಂತ ಬೋರ್ಡೋ ಬಿಟ್ಟು ಹೊಸದೊಂದು ಔಷಧಿ ತಂದು ಇಡೀ ತೋಟಕ್ಕೆ ಹೊಡೆಸಿದರು. ಆ ವರ್ಷ ಕೊಳೆ ತೀರಾ ಕಡಿಮೆ. 'ನೋಡು ತಮಾ, ಔಷಧಿ ಅಂದ್ರೆ ಹೀಗಿರಬೇಕು' ಅಂದರು. ಜಗಲಿಯಲ್ಲಿ ಕೂತು ಕವಳ ಹಾಕುತ್ತಿದ್ದ ಅಜ್ಜಿ ತಲೆ ಎತ್ತಿ ಕೇಳಿದರು: 'ಈ ವರ್ಷ ಆರಿದ್ರಾ ಮಳೆ ಎಲ್ಲಿ ಸುರೀತು? ಆಚೆಮನೆಯವರು ಹಳೇ ಮದ್ದೇ ಹೊಡೆಸಿದ್ದು. ಅವರ ತೋಟದಲ್ಲಿ ಕೊಳೆ ಬಂತನಾ?'

ಬಂದಿರಲಿಲ್ಲ.

ಅಜ್ಜಿ ಕೇಳಿದ ಆ ಪ್ರಶ್ನೆಗೆ ವೈದ್ಯಕೀಯ ಸಂಶೋಧನೆಯಲ್ಲಿ ಒಂದು ಹೆಸರಿದೆ: ಕಂಟ್ರೋಲ್ ಗ್ರೂಪ್. ಹೊಸ ಮಾತ್ರೆ, ಹೊಸ ಲಸಿಕೆ, ಹೊಸ ಚಿಕಿತ್ಸೆ ಅಂತ ಪೇಪರಿನಲ್ಲಿ ಸುದ್ದಿ ಬಂದಾಗಲೆಲ್ಲ ಈ ಪದ ಒಳಗೆಲ್ಲೋ ಒಂದು ಸಾಲಿನಲ್ಲಿ ಇರುತ್ತದೆ. ನಾವು ದಾಟಿಕೊಂಡು ಮುಂದೆ ಹೋಗುತ್ತೇವೆ. ಆದರೆ ಇಡೀ ಸುದ್ದಿಯಲ್ಲಿ ನಂಬಬೇಕೋ ಬೇಡವೋ ಅಂತ ಹೇಳುವ ಸಾಲು ಅದೇ.

ಮೊದಲು ಪದದ ತೊಡಕು ಬಿಡಿಸಿಕೊಳ್ಳೋಣ. ಕಂಟ್ರೋಲ್ ಅಂದ ಕೂಡಲೇ ನಮಗೆ ಹೊಳೆಯುವುದು ಹತೋಟಿ. 'ಬಿಪಿ ಕಂಟ್ರೋಲಲ್ಲಿದೆ', 'ಶುಗರ್ ಕಂಟ್ರೋಲಿಗೆ ಬಂತು' ಅಂತ ದಿನಾ ಹೇಳುತ್ತೇವಲ್ಲ. ಪಠ್ಯಪುಸ್ತಕದ ಕನ್ನಡ ಇದನ್ನೇ ಹಿಡಿದು 'ನಿಯಂತ್ರಣ ಗುಂಪು' ಅಂತ ಮಾಡಿತು. ಓದಿದವರಿಗೆ ಯಾರನ್ನೋ ಕಟ್ಟುನಿಟ್ಟಾಗಿ ಕೂಡಿ ಹಾಕಿದ ಹಾಗೆ ಅನಿಸುತ್ತದೆ. ಇಲ್ಲಿ ಕಂಟ್ರೋಲ್ ಅಂದರೆ ತಾಳೆ ನೋಡುವುದು, ಅಷ್ಟೇ. ಹೊಸ ಚಿಕಿತ್ಸೆ ಪಡೆದವರನ್ನು ಯಾರ ಜೊತೆ ಇಟ್ಟು ನೋಡುತ್ತೇವೋ ಅವರ ಗುಂಪು. ನನಗೆ 'ಹೋಲಿಕೆ ಗುಂಪು' ಅನ್ನುವುದೇ ಸರಿ ಕಾಣುತ್ತದೆ. ಕೇಳಿದ ತಕ್ಷಣ ಕೆಲಸ ಏನೆಂದು ಗೊತ್ತಾಗುತ್ತದೆ.

ಹೋಲಿಕೆ ಯಾಕೆ ಬೇಕು? ಅರಿಶಿನ ಕಾಮಾಲೆಯನ್ನೇ ನೋಡಿ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಬಹಳಷ್ಟು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಹೀಗಿರುವಾಗ ಯಾವ ಸೊಪ್ಪಿನ ರಸ ಕೊಟ್ಟರೂ, ಯಾವ ದುಬಾರಿ ಸಿರಪ್ ಕೊಟ್ಟರೂ, ನೂರರಲ್ಲಿ ಹೆಚ್ಚಿನವರು ಗುಣವಾಗಿ ಬಂದು 'ಅದರಿಂದಲೇ ಹೋಯ್ತು' ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಗುಣವಾದದ್ದೂ ಸತ್ಯ, ಔಷಧಿ ಕುಡಿದದ್ದೂ ಸತ್ಯ. ಆ ಎರಡರ ನಡುವೆ 'ಅದರಿಂದ' ಅನ್ನುವ ಪದ ಹಾಕಬೇಕಾದರೆ ಮಾತ್ರ, ಅದೇ ಕಾಯಿಲೆ ಬಂದು ಆ ಔಷಧಿ ಕುಡಿಯದವರು ಏನಾದರು ಅಂತ ಗೊತ್ತಿರಬೇಕು.

ಇದನ್ನು ಹೀಗೆ ಜೋಡಿ ಇಟ್ಟು ನೋಡಿದವರಲ್ಲಿ ಹೆಸರಾದವನು ಜೇಮ್ಸ್ ಲಿಂಡ್ ಅನ್ನುವ ಹಡಗಿನ ವೈದ್ಯ. 1747ರಲ್ಲಿ ಸಾಲಿಸ್ಬರಿ ಅನ್ನುವ ಬ್ರಿಟಿಷ್ ಯುದ್ಧನೌಕೆಯಲ್ಲಿ ಸ್ಕರ್ವಿ (ವಿಟಮಿನ್ ಸಿ ಕೊರತೆಯ ಕಾಯಿಲೆ) ಬಂದು ವಸಡು ಕೊಳೆತ 12 ನಾವಿಕರನ್ನು ಅವನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಒಂದು ಜೋಡಿಗೆ ವಿನೆಗರ್, ಒಂದಕ್ಕೆ ಸಮುದ್ರದ ನೀರು, ಹೀಗೆ ಬೇರೆ ಬೇರೆ. ಒಂದು ಜೋಡಿಗೆ ಮಾತ್ರ ಕಿತ್ತಳೆ ಮತ್ತು ನಿಂಬೆ. ಹಣ್ಣು ತಿಂದವರು ಆರು ದಿನದಲ್ಲೇ ಚೇತರಿಸಿಕೊಂಡರು. ಉಳಿದವರು ಪಕ್ಕದಲ್ಲೇ ಮಲಗಿದ್ದರಿಂದ ಆ ವ್ಯತ್ಯಾಸ ಕಣ್ಣಿಗೆ ಬಿತ್ತು. ಆದರೂ ಬ್ರಿಟಿಷ್ ನೌಕಾಪಡೆ ಎಲ್ಲರಿಗೂ ನಿಂಬೆರಸ ಕೊಡಲು ಶುರು ಮಾಡಿದ್ದು 1795ರಲ್ಲಿ!

ಪಕ್ಕದಲ್ಲಿ ಇನ್ನೊಂದು ಗುಂಪು ಇದ್ದರೆ ಸಾಕಾ? ಸಾಲದು. ಇಲ್ಲೇ ವಿಷಯ ಸೂಕ್ಷ್ಮ ಆಗುವುದು.

ಮತ್ತೆ ತೋಟಕ್ಕೆ ಬನ್ನಿ. ಅಪ್ಪಚ್ಚಿ ಮುಂದಿನ ವರ್ಷ 'ಸರಿ, ಅರ್ಧ ತೋಟಕ್ಕೆ ಹೊಸದು, ಅರ್ಧಕ್ಕೆ ಹಳೆಯದು' ಅಂತ ಒಪ್ಪಿದರು ಅನ್ನಿ. ಹೊಸದನ್ನು ಯಾವ ಅರ್ಧಕ್ಕೆ ಹೊಡೆಸುತ್ತಾರೆ? ಮನೆ ಹತ್ತಿರದ, ಗಾಳಿ ಬೆಳಕು ಚೆನ್ನಾಗಿ ಬರುವ, ಪ್ರೀತಿಯಿಂದ ಸಾಕಿದ ಸಾಲಿಗೆ. ತೋಡಿನ ಬದಿಗೆ, ಸದಾ ತಂಪು ನಿಂತಿರುವ ಕೆಳಗಿನ ಮೂಲೆಗೆ ಹಳೆಯದು. ಅಲ್ಲಿ ಯಾವ ವರ್ಷವೂ ಕೊಳೆ ಜಾಸ್ತಿಯೇ. ಹಾಗೆ ಮಾಡಿದರೆ ಗೆಲ್ಲುವುದು ಜಾಗ, ಹೆಸರು ಬರುವುದು ಔಷಧಿಗೆ. ಇದಕ್ಕೆ ಮದ್ದು ಒಂದೇ. ಪ್ರತಿ ಮರಕ್ಕೂ ಚೀಟಿ ಎತ್ತಬೇಕು. ಚೀಟಿಯಲ್ಲಿ ಹೊಸದು ಅಂತ ಬಂದರೆ ಹೊಸದು, ಹಳೆಯದು ಅಂತ ಬಂದರೆ ಹಳೆಯದು. ಆಗ ಬಿಸಿಲಿನ ಮರ, ತೋಡಿನ ಬದಿಯ ಮರ, ಎಳೆ ಮರ, ಮುದಿ ಮರ ಎಲ್ಲವೂ ಎರಡೂ ಕಡೆಗೆ ಹೆಚ್ಚುಕಡಿಮೆ ಸಮ ಹಂಚಿಹೋಗುತ್ತವೆ. ನಮಗೆ ಗೊತ್ತೇ ಇಲ್ಲದ ಗುಣದೋಷಗಳೂ ಹಂಚಿಹೋಗುತ್ತವೆ. ಚೀಟಿಯ ನಿಜವಾದ ಬಲ ಅದು. ಆಸ್ಪತ್ರೆಯ ಭಾಷೆಯಲ್ಲಿ ಇದಕ್ಕೆ ರ‍್ಯಾಂಡಮೈಸೇಶನ್ ಅನ್ನುತ್ತಾರೆ.

ಇನ್ನೂ ಒಂದಿದೆ. ಉದುರಿದ ಕಾಯಿ ಎಣಿಸುವವರು ಯಾರು? ಅಪ್ಪಚ್ಚಿಯೇ ಎಣಿಸಿದರೆ ಹೊಸ ಔಷಧಿಯ ಮರದ ಕೆಳಗೆ ಬಿದ್ದದ್ದನ್ನು 'ಇದು ಗಾಳಿಗೆ ಬಿದ್ದದ್ದು' ಅಂತ ಬದಿಗಿಡುವ ಮನಸ್ಸಾಗುತ್ತದೆ. ಬೇಕೆಂದೇ ಮಾಡುವ ಮೋಸ ಅಲ್ಲ, ಆಸೆ ಹಾಗೆ. ಹಾಗಾಗಿ ಯಾವ ಮರಕ್ಕೆ ಯಾವುದು ಅಂತ ಗೊತ್ತಿಲ್ಲದವರು ಎಣಿಸಬೇಕು. ಮನುಷ್ಯರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಔಷಧಿ ತೆಗೆದುಕೊಂಡೆ ಅನ್ನುವ ನಂಬಿಕೆಯೇ ಎಷ್ಟೋ ಸಲ ನೋವನ್ನು ಕಡಿಮೆ ಅನಿಸುವಂತೆ ಮಾಡುತ್ತದೆ. ಅದಕ್ಕೇ ಹೋಲಿಕೆ ಗುಂಪಿಗೆ ನೋಡಲು ತದ್ರೂಪ ಇರುವ, ಒಳಗೆ ಔಷಧಿ ಇಲ್ಲದ ಮಾತ್ರೆ ಕೊಡುತ್ತಾರೆ. ಅದು ಪ್ಲಾಸಿಬೋ. ಯಾರಿಗೆ ಯಾವುದು ಅಂತ ರೋಗಿಗೂ ವೈದ್ಯರಿಗೂ ತಿಳಿಯದಂತೆ ಇಟ್ಟರೆ ಅದು ಡಬಲ್ ಬ್ಲೈಂಡ್.

ಚೀಟಿ ಎತ್ತಿ ಹಂಚುವ ಪದ್ಧತಿ ವೈದ್ಯಕೀಯದಲ್ಲಿ ಗಟ್ಟಿಯಾಗಿ ನಿಂತದ್ದು 1948ರಲ್ಲಿ ಪ್ರಕಟವಾದ ಕ್ಷಯದ ಅಧ್ಯಯನದಿಂದ. ಬ್ರಿಟನ್ನಿನಲ್ಲಿ ಆಗ ಸ್ಟ್ರೆಪ್ಟೊಮೈಸಿನ್ ಅನ್ನುವ ಕ್ಷಯದ ಹೊಸ ಔಷಧಿ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಯಾರಿಗೆ ಕೊಡಬೇಕು ಅಂತ ಮೊಹರು ಹಾಕಿದ ಲಕೋಟೆಗಳಿಂದ ತೀರ್ಮಾನ ಮಾಡಿದರು. ಆರು ತಿಂಗಳಲ್ಲಿ ಔಷಧಿ ಪಡೆದ 55 ಜನರಲ್ಲಿ 4 ಮಂದಿ ತೀರಿಕೊಂಡರು, ಬರೀ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14 ಮಂದಿ.

ನಮ್ಮ ದೇಶದ ಕೊಡುಗೆ ಇದರಲ್ಲಿ ದೊಡ್ಡದು. ಅದು ನಮಗೇ ಅಷ್ಟು ಗೊತ್ತಿಲ್ಲ. 1956ರಲ್ಲಿ ಮದ್ರಾಸಿನಲ್ಲಿ 193 ಕ್ಷಯ ರೋಗಿಗಳನ್ನು ಹೀಗೇ ಹಂಚಿ, ಒಂದು ಗುಂಪಿಗೆ ಸ್ಯಾನಟೋರಿಯಂನಲ್ಲಿ (ಕ್ಷಯದವರು ಉಳಿದು ಚಿಕಿತ್ಸೆ ಪಡೆಯುವ ಆಸ್ಪತ್ರೆ) ಇಟ್ಟು, ಇನ್ನೊಂದು ಗುಂಪಿಗೆ ಮನೆಯಲ್ಲೇ, ಒಂದು ವರ್ಷ ಅದೇ ಮಾತ್ರೆ ಕೊಟ್ಟರು. ಮನೆಯಲ್ಲಿದ್ದವರಿಗೆ ಇಕ್ಕಟ್ಟು, ಊಟವೂ ಕಡಿಮೆ. ಆದರೂ ಗುಣವಾಗುವ ಪ್ರಮಾಣ ಹೆಚ್ಚುಕಡಿಮೆ ಒಂದೇ. ಮನೆಯವರಿಗೆ ಸೋಂಕು ಹೆಚ್ಚಲೂ ಇಲ್ಲ. ಇಂದು ಕುಮಟಾದಲ್ಲಿ ಒಬ್ಬರಿಗೆ ಕ್ಷಯ ಅಂತಾದರೆ ಅವರು ಮನೆಯಲ್ಲೇ ಇದ್ದು ಮಾತ್ರೆ ನುಂಗಿ ಗುಣವಾಗುತ್ತಾರಲ್ಲ, ಅದರ ಹಿಂದೆ ಆ ಹೋಲಿಕೆ ಇದೆ.

ಇತ್ತೀಚಿನದೂ ಒಂದು ಹೇಳುತ್ತೇನೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡದಲ್ಲಿ ಮಾಡಿದ ರೇಷನ್ಸ್ ಅಧ್ಯಯನ, 2023ರಲ್ಲಿ ಪ್ರಕಟವಾದದ್ದು. ಕ್ಷಯ ಬಂದವರ ಮನೆಮಂದಿಗೆ ತಿಂಗಳು ತಿಂಗಳು ಆಹಾರದ ಪೊಟ್ಟಣ ಕೊಟ್ಟರೆ ಅವರಿಗೆ ರೋಗ ತಗುಲುವುದು ಕಡಿಮೆಯಾಗುತ್ತದಾ ಅನ್ನುವುದು ಪ್ರಶ್ನೆ. ರೋಗಿಗಳಿಗೆ ಎರಡೂ ಗುಂಪಿನಲ್ಲಿ ಆಹಾರವೂ ಮಾತ್ರೆಯೂ ಸಿಕ್ಕಿತು. ಮನೆಮಂದಿಗೆ ಆಹಾರ ಸಿಕ್ಕ ಗುಂಪಿನಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ಕಡಿಮೆಯಾಯಿತು. ಅಕ್ಕಿ, ಬೇಳೆ, ವಿಟಮಿನ್ ಮಾತ್ರೆ, ಇಷ್ಟೇ. ನನಗೆ ಇದನ್ನು ಓದಿದ ದಿನ ಕಣ್ಣು ತುಂಬಿ ಬಂತು. ಹೊಟ್ಟೆ ತುಂಬ ಊಟ ರೋಗ ತಡೆಯುತ್ತದೆ ಅಂತ ಎಲ್ಲ ಅಜ್ಜಿಯರೂ ಹೇಳುತ್ತಿದ್ದರು. ಎಷ್ಟು ತಡೆಯುತ್ತದೆ ಅನ್ನುವ ಲೆಕ್ಕ ಮಾತ್ರ ಹೋಲಿಕೆ ಗುಂಪು ಇದ್ದದ್ದರಿಂದಲೇ ಸಿಕ್ಕಿತು.

ಉಲ್ಟಾ ಆದದ್ದೂ ಇದೆ. ಕೊರೊನಾ ಸಮಯದಲ್ಲಿ ಪ್ಲಾಸ್ಮಾಕ್ಕಾಗಿ, ಅಂದರೆ ಗುಣವಾದವರ ರಕ್ತದಿಂದ ತೆಗೆದ ದ್ರವಕ್ಕಾಗಿ, ಜನ ಹೇಗೆ ಒದ್ದಾಡಿದರು, ನೆನಪಿದೆ ಅಲ್ವಾ? ವಾಟ್ಸಾಪ್ ತುಂಬ ಅದೇ ಕೋರಿಕೆ. ಅಷ್ಟು ಹೊತ್ತಿಗಾಗಲೇ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ 39 ಆಸ್ಪತ್ರೆಗಳಲ್ಲಿ 464 ರೋಗಿಗಳನ್ನು ಚೀಟಿ ಎತ್ತಿದಂತೆ ಹಂಚಿ ನೋಡಿತ್ತು. ಕಾಯಿಲೆ ಉಲ್ಬಣಿಸಿದವರು ಅಥವಾ ತೀರಿಕೊಂಡವರು ಪ್ಲಾಸ್ಮಾ ಪಡೆದವರಲ್ಲಿ ಶೇ. 19, ಪಡೆಯದವರಲ್ಲಿ ಶೇ. 18. ಅಂದರೆ ಪ್ರಯೋಜನ ಇಲ್ಲ. 2020ರ ಅಕ್ಟೋಬರಿನಲ್ಲೇ ಇದು ಪ್ರಕಟವಾಗಿತ್ತು. ಚಿಕಿತ್ಸೆಯ ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ಕೈಬಿಟ್ಟದ್ದು 2021ರ ಮೇ ತಿಂಗಳಲ್ಲಿ. ಆ ನಡುವಿನ ತಿಂಗಳುಗಳಲ್ಲಿ ಎಷ್ಟು ಮನೆಯವರು ರಾತ್ರಿಯಿಡೀ ಫೋನ್ ಹಿಡಿದು ಅಲೆದರೋ.

ನಮ್ಮ ಜಿಲ್ಲೆಗೆ ಹತ್ತಿರದ ಮಾತು ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ರೋಗ ಸಿದ್ದಾಪುರ, ಹೊನ್ನಾವರ ಕಡೆಯ ಕಾಡಂಚಿನ ಮನೆಗಳಿಗೆ ಚೆನ್ನಾಗಿ ಗೊತ್ತು. ಉಣುಗು (ಉಣ್ಣೆ ಹುಳ) ಕಚ್ಚಿ ಬರುತ್ತದೆ. ಹಳೆಯ ಲಸಿಕೆಯ ಬಗ್ಗೆ 2013ರಲ್ಲಿ ಬಂದ ಅಧ್ಯಯನದ ಪ್ರಕಾರ ಎರಡು ಡೋಸಿಗೆ ಸುಮಾರು ಶೇ. 62, ಬೂಸ್ಟರ್ ಕೂಡ ಪಡೆದರೆ ಸುಮಾರು ಶೇ. 83 ರಕ್ಷಣೆ. ಇದನ್ನು 'ನೂರು ಜನರಲ್ಲಿ 62 ಮಂದಿಗೆ ಕಾಯಿಲೆ ಬರಲ್ಲ, 38 ಮಂದಿಗೆ ಬರುತ್ತೆ' ಅಂತ ಓದುವವರೇ ಜಾಸ್ತಿ. ಅರ್ಥ ಅದಲ್ಲ. ಲಸಿಕೆ ಪಡೆಯದ ಇಂತಿಷ್ಟು ಜನರಲ್ಲಿ 100 ಮಂದಿಗೆ ಕಾಯಿಲೆ ಬಂದರೆ, ಲಸಿಕೆ ಪಡೆದ ಅಷ್ಟೇ ಜನರಲ್ಲಿ 38 ಮಂದಿಗೆ ಬರುತ್ತದೆ ಅಂತ. ಹೋಲಿಕೆ ಗುಂಪನ್ನು ತೆಗೆದು ಬದಿಗಿಟ್ಟರೆ ಆ 62ಕ್ಕೆ ಅರ್ಥವೇ ಇಲ್ಲ.

ಇನ್ನೂ ಒಂದು ಗಮನಿಸಬೇಕು. ಇಲ್ಲಿ ಯಾರೂ ಚೀಟಿ ಎತ್ತಿರಲಿಲ್ಲ. ಲಸಿಕೆ ಹಾಕಿಸಿಕೊಂಡವರು ಅವರಾಗಿಯೇ ಹಾಕಿಸಿಕೊಂಡವರು, ಬಿಟ್ಟವರು ಅವರಾಗಿಯೇ ಬಿಟ್ಟವರು. ಬೆಟ್ಟಕ್ಕೆ ಹೋಗಿ ದಿನಾ ದರಕು (ಒಣಗಿದ ಎಲೆ) ಗುಡಿಸಿ ತರುವ ಹೆಂಗಸು ಹೆದರಿ ಹಾಕಿಸಿಕೊಂಡಿರಬಹುದು. ಅವಳಿಗೆ ಉಣುಗು ಕಚ್ಚುವ ಸಂಭವ ಜಾಸ್ತಿ, ಹಾಗಾಗಿ ಲಸಿಕೆ ಇರುವುದಕ್ಕಿಂತ ಬಡವಾಗಿ ಕಾಣುತ್ತದೆ. ಅಥವಾ ಲಸಿಕೆ ಹಾಕಿಸಿಕೊಂಡವರೇ ಕಾಡಿಗೆ ಹೋಗುವಾಗ ತಪ್ಪದೆ ಕೈಕಾಲಿಗೆ ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರು ಸ್ನಾನ ಮಾಡುವ ಜಾಗ್ರತೆಯವರಿರಬಹುದು. ಆಗ ಲಸಿಕೆ ಇರುವುದಕ್ಕಿಂತ ಬಲವಾಗಿ ಕಾಣುತ್ತದೆ. ಮುಂದೆ ಆ ಲಸಿಕೆಯ ಪರಿಣಾಮ ಸಾಲದು ಅಂತ ಕೈಬಿಟ್ಟರು. ಹೊಸ ಲಸಿಕೆಯ ಕೆಲಸ ನಡೆದಿದೆ. ಅದರ ಅಂಕಿ ಬಂದ ದಿನ ಸಿದ್ದಾಪುರದವರು ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: ಯಾರ ಜೊತೆ ಹೋಲಿಸಿ?

ಹೋಲಿಕೆ ಗುಂಪು ಅಂದ ಕೂಡಲೇ ಒಂದು ಹೆದರಿಕೆಯೂ ಬರುತ್ತದೆ. ಕುಮಟಾದ ನಮ್ಮ ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ಅವರು ತೋರಿಸಿಕೊಳ್ಳುವ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಹೊಸ ಮಾತ್ರೆಯ ಟ್ರಯಲ್‌ಗೆ ಸೇರುತ್ತೀರಾ ಅಂತ ಕೇಳಿದರು. ಕನ್ನಡದಲ್ಲೇ ಬರೆದ ಒಪ್ಪಿಗೆ ಪತ್ರ ಕೊಟ್ಟು, ಮನೆಗೆ ಹೋಗಿ ಓದಿ ಬನ್ನಿ ಅಂದರು. ರಾತ್ರಿ ಚಿಕ್ಕಮ್ಮನ ಫೋನ್. 'ನಂಗೆ ಖಾಲಿ ಮಾತ್ರೆ ಬಂದ್ರೆ ಶುಗರ್ ಏರಿ ಕೂರ್ತದಲಾ, ಎಂತ ಮಾಡೂದು?' ಕೇಳಬೇಕಾದ ಪ್ರಶ್ನೆ ಅದು. ನಾನು ಪತ್ರದ ಫೋಟೋ ತರಿಸಿಕೊಂಡು ಸಾಲು ಸಾಲು ಓದಿ ಹೇಳಿದೆ. ಈಗಿನ ಮಾತ್ರೆಗಳು ಎರಡೂ ಗುಂಪಿಗೆ ಹಾಗೇ ಮುಂದುವರಿಯುತ್ತವೆ. ಅದರ ಮೇಲೆ ಒಂದು ಗುಂಪಿಗೆ ಹೊಸದು, ಇನ್ನೊಂದಕ್ಕೆ ಪ್ಲಾಸಿಬೋ. ಬೇಡ ಅನಿಸಿದರೆ ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೂ ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ.

ಒಳ್ಳೆಯ ಚಿಕಿತ್ಸೆ ಈಗಾಗಲೇ ಇರುವ ಗಂಭೀರ ಕಾಯಿಲೆಯಲ್ಲಿ ಹೋಲಿಕೆ ಗುಂಪಿನವರಿಗೆ ಏನೂ ಕೊಡದೆ ಬಿಡುವುದು ಸಲ್ಲದು ಅನ್ನುವುದೇ ನಿಯಮ. ನಡುವೆ ಲೆಕ್ಕ ತೆಗೆದು ನೋಡುವ ಬೇರೆ ಸಮಿತಿಯೂ ಇರುತ್ತದೆ. ಅಮೆರಿಕದಲ್ಲಿ 1980ರ ದಶಕದ ಕೊನೆಗೆ, ಹೃದಯಾಘಾತ ಆದವರಿಗೆ ಬಡಿತ ಸರಿಪಡಿಸುವ ಮಾತ್ರೆ ಕೊಟ್ಟು ನೋಡುತ್ತಿದ್ದಾಗ, ಮಾತ್ರೆ ಪಡೆದವರೇ ಜಾಸ್ತಿ ಸಾಯುತ್ತಿದ್ದಾರೆ ಅಂತ ಗೊತ್ತಾಗಿ ಆ ಎರಡು ಮಾತ್ರೆಗಳನ್ನು ಅರ್ಧದಲ್ಲೇ ನಿಲ್ಲಿಸಿದರು. ಬಡಿತ ಸರಿಹೋಗಿತ್ತು, ಇಸಿಜಿ ಚೆನ್ನಾಗಿ ಕಾಣುತ್ತಿತ್ತು. ಆ ಟ್ರಯಲ್‌ನಲ್ಲಿ ಸುರಕ್ಷಿತವಾಗಿ ಇದ್ದವರು ಪ್ಲಾಸಿಬೋ ಗುಂಪಿನವರು. ಇದನ್ನು ಹೇಳಿದಾಗ ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಭಾರತದಲ್ಲಿ ನಡೆಯುವ ಟ್ರಯಲ್‌ಗಳ ವಿವರ ಸಿಟಿಆರ್‌ಐ ಅನ್ನುವ ಸರ್ಕಾರಿ ನೋಂದಣಿಯಲ್ಲಿ ಸಿಗುತ್ತದೆ. 2007ರಲ್ಲಿ ಶುರುವಾದದ್ದು, ಯಾರು ಬೇಕಾದರೂ ನೋಡಬಹುದು. ಹೊಸ ಚಿಕಿತ್ಸೆ ಯಾವುದು, ಯಾವುದರ ಜೊತೆ ಹೋಲಿಸುತ್ತಾರೆ ಅಂತ ಅಲ್ಲಿ ಬರೆದಿರುತ್ತದೆ. ಚಿಕ್ಕಮ್ಮನ ಮಗಳು ಅದನ್ನೂ ಹುಡುಕಿ ಓದಿ ಹೇಳಿದಳು.

ಮಾರನೇ ವಾರ ಚಿಕ್ಕಮ್ಮ ಹೋಗಿ ಸಹಿ ಮಾಡಿ ಬಂದರು. ಈಗ ಪ್ರತಿ ತಿಂಗಳು ಒಂದು ಬಿಳಿ ಡಬ್ಬಿ ತರುತ್ತಾರೆ. ಮೇಲೆ ಹೆಸರಿಲ್ಲ, ಬರೀ ನಂಬರು. ದೇವರ ಗೂಡಿನ ಪಕ್ಕ ಇಟ್ಟುಕೊಂಡು ಬೆಳಿಗ್ಗೆ ದೋಸೆ ಆದ ಮೇಲೆ ಒಂದು ನುಂಗುತ್ತಾರೆ. ಅದು ಯಾವ ಮಾತ್ರೆ ಅಂತ ಅವರಿಗೂ ಗೊತ್ತಿಲ್ಲ, ಕೊಟ್ಟ ಡಾಕ್ಟರಿಗೂ ಗೊತ್ತಿಲ್ಲ.