ಬೆಕ್‌ಡೆಲ್ ಪರೀಕ್ಷೆ ಪಾಸಾದರೆ ಸ್ತ್ರೀವಾದಿ ಸಿನಿಮಾನಾ?

ಓದುಗರ ಪ್ರಶ್ನೆ: ಸಿನಿಮಾ ಚರ್ಚೆಗಳಲ್ಲಿ ಆಗಾಗ ‘ಬೆಕ್‌ಡೆಲ್ ಪರೀಕ್ಷೆ’ಯ ಮಾತು ಬರುತ್ತದೆ. ಅದರಲ್ಲಿ ಪಾಸಾದ ಚಿತ್ರವನ್ನು ಸ್ತ್ರೀವಾದಿ ಚಿತ್ರ ಅನ್ನಬಹುದೇ?

ಅನ್ನಲಾಗದು. ಹಾಗನ್ನುವುದಾದರೆ ನಮ್ಮ ಅತ್ತೆ-ಸೊಸೆ ಧಾರಾವಾಹಿಗಳಿಗೇ ಮೊದಲ ಬಹುಮಾನ ಕೊಡಬೇಕಾದೀತು.

ನಿಯಮಗಳು ಮೂರೇ. ಚಿತ್ರದಲ್ಲಿ ಕಡೇಪಕ್ಷ ಇಬ್ಬರು ಹೆಂಗಸರಿರಬೇಕು, ಅವರು ಪರಸ್ಪರ ಮಾತಾಡಬೇಕು, ಆ ಮಾತು ಗಂಡಸನ್ನು ಬಿಟ್ಟು ಬೇರೆ ಯಾವುದರ ಬಗ್ಗೆಯಾದರೂ ಇರಬೇಕು. ಆ ಹೆಂಗಸರಿಗೆ ಹೆಸರೂ ಇರಬೇಕೆಂಬುದು ಆಮೇಲೆ ಸೇರಿಕೊಂಡಿತು. ಅಮೆರಿಕದ ಆಲಿಸನ್ ಬೆಕ್‌ಡೆಲ್ 1985ರಲ್ಲಿ ಬರೆದ ಕಾಮಿಕ್ಸ್ ಒಂದರಲ್ಲಿ ಗೆಳತಿಯರಿಬ್ಬರು ಸಿನಿಮಾ ನೋಡಲು ಹೊರಡುತ್ತಾರೆ. ಒಬ್ಬಳು ಈ ಷರತ್ತುಗಳಿಗೆ ಹೊಂದುವ ಸಿನಿಮಾ ಮಾತ್ರ ನೋಡುತ್ತೇನೆಂದು ಹೇಳಿ, ತಾನು ಕೊನೆಯದಾಗಿ ನೋಡಲಾದದ್ದು ‘ಏಲಿಯನ್’ ಎನ್ನುತ್ತಾಳೆ. ಅದರಲ್ಲಿ ಇಬ್ಬರು ಹೆಂಗಸರು ಆ ಭೂತಾಕಾರದ ಪ್ರಾಣಿಯ ಬಗ್ಗೆ ಮಾತಾಡುತ್ತಾರಲ್ಲ! ಆ ಚಿತ್ರ ಬಂದದ್ದು 1979ರಲ್ಲಿ, ಅಂದರೆ ಆರು ವರ್ಷ ಹಿಂದೆ. ಇಬ್ಬರೂ ಟಿಕೆಟ್ ಕೊಳ್ಳದೆ, ಮನೆಯಲ್ಲೇ ಪಾಪ್‌ಕಾರ್ನ್ ಮಾಡಿಕೊಳ್ಳೋಣವೆಂದು ಹೊರಡುತ್ತಾರೆ. ಗೆಳತಿಯೊಬ್ಬಳಿಂದ ಸಿಕ್ಕ ಐಡಿಯಾ ಇದು ಎಂದು ಬೆಕ್‌ಡೆಲ್ ಹೇಳಿದ್ದಾರೆ. ಕಾದಂಬರಿಗಳ ಹೆಂಗಸರು ಬಹುಪಾಲು ಗಂಡಸರ ಸಂಬಂಧದಲ್ಲೇ ಕಾಣಿಸಿಕೊಳ್ಳುತ್ತಾರೆಂದು ಇಂಗ್ಲಿಷ್ ಲೇಖಕಿ ವರ್ಜೀನಿಯಾ ವೂಲ್ಫ್ 1929ರಲ್ಲೇ ಬರೆದಿದ್ದರು.

ಇದು ಹುಟ್ಟಿದ್ದೇ ತಮಾಷೆಯಾಗಿ. ಆದರೆ ಅದರ ಮೊನೆ ಚುಚ್ಚುವುದು ತಿರುಗಿಸಿ ಹಾಕಿದಾಗ. ಇಬ್ಬರು ಗಂಡಸರು ಹೆಣ್ಣಿನ ವಿಷಯ ಬಿಟ್ಟು ಬೇರೇನಾದರೂ ಮಾತಾಡುತ್ತಾರಾ ಎಂದು ಕೇಳಿ ನೋಡಿ. ಜಮೀನು, ಪೊಲೀಸು, ಎಲೆಕ್ಷನ್ನು, ಹಳೇ ದ್ವೇಷ: ಟೈಟಲ್ ಕಾರ್ಡ್ ಮುಗಿಯುವುದರೊಳಗೆ ಪಾಸು! ಹೆಂಗಸರ ಪಾಲಿಗೆ ಅಷ್ಟು ಸುಲಭದ ಷರತ್ತೂ ಯಾಕೆ ಕಷ್ಟವಾಗುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ. ಹಾಗಾಗಿ ಒಂದು ವರ್ಷದ ಚಿತ್ರಗಳನ್ನೆಲ್ಲ ಒಟ್ಟಿಗೆ ಹಾಕಿ ಎಣಿಸಲು ಇದು ಒಳ್ಳೆಯ ಸಾಧನ, ಒಂದೊಂದಕ್ಕೂ ಸರ್ಟಿಫಿಕೇಟ್ ಕೊಡಲು ಅಲ್ಲ. 2013ರಲ್ಲಿ ಸ್ವೀಡನ್ನಿನ ಕೆಲವು ಚಿತ್ರಮಂದಿರಗಳು ಪಾಸಾದ ಚಿತ್ರಗಳಿಗೆ ‘ಎ’ ದರ್ಜೆ ಕೊಡತೊಡಗಿದಾಗ ಜಗಳ ಎದ್ದದ್ದೂ ಅದಕ್ಕೇ. ಅದೇ ವರ್ಷ ಬಂದ ‘ಗ್ರಾವಿಟಿ’ಯಲ್ಲಿ ಸಾಂಡ್ರಾ ಬುಲಕ್ ಹೆಚ್ಚುಕಡಿಮೆ ಇಡೀ ಚಿತ್ರವನ್ನು ಒಬ್ಬಳೇ ಹೊರುತ್ತಾಳೆ. ಮಾತಾಡಲು ಪರದೆಯ ಮೇಲೆ ಇನ್ನೊಬ್ಬ ಹೆಂಗಸೇ ಇಲ್ಲ, ಆದ್ದರಿಂದ ಫೇಲು.

ಇನ್ನು ಧಾರಾವಾಹಿ. ಅತ್ತೆ, ಸೊಸೆ, ನಾದಿನಿ, ವಾರಗಿತ್ತಿ ಎಲ್ಲರಿಗೂ ಹೆಸರಿದೆ, ದಿನಾ ಮಾತಿದೆ. ಆಸ್ತಿ ಪತ್ರ, ಬೀರುವಿನ ಕೀಲಿ, ಪಾಯಸಕ್ಕೆ ಬೆರೆಸುವ ವಿಷ: ಯಾವುದೂ ಗಂಡಸಲ್ಲ. ಮನೆ ಯಾರ ಹೆಸರಲ್ಲಿದೆ, ಈ ಹೆಂಗಸರು ಒಬ್ಬರನ್ನೊಬ್ಬರು ಯಾಕೆ ಮುಗಿಸಲು ಹೊರಟಿದ್ದಾರೆ ಎಂದು ಪರೀಕ್ಷೆ ಕೇಳುವುದಿಲ್ಲ. ಕಾಫಿ ಲೋಟ ಇಟ್ಟು ಹೋಗುವ ಕೆಲಸದಾಕೆಯ ಜಾತಿ, ಸಂಬಳ ಅದರ ಲೆಕ್ಕಕ್ಕೇ ಬರುವುದಿಲ್ಲ.

ಕ್ಯಾಮೆರಾ ಏನು ಮಾಡುತ್ತಿದೆ ಎಂಬುದೂ ಅದಕ್ಕೆ ಕಾಣದು. ಬ್ರಿಟನ್ನಿನ ಸಿನಿಮಾ ಚಿಂತಕಿ ಲಾರಾ ಮಲ್ವಿ 1975ರ ಪ್ರಬಂಧದಲ್ಲಿ ಹಿಡಿದದ್ದು ಈ ಎಳೆಯನ್ನು. ಹಾಲಿವುಡ್ ಚಿತ್ರಗಳಲ್ಲಿ ಗಂಡು ನೋಡುತ್ತಾನೆ, ಕಥೆಯನ್ನು ಮುಂದಕ್ಕೆ ಒಯ್ಯುತ್ತಾನೆ. ಹೆಣ್ಣು ನೋಡಿಸಿಕೊಳ್ಳುತ್ತಾಳೆ, ಅವಳು ಬಂದಲ್ಲಿ ಕಥೆ ನಿಲ್ಲುತ್ತದೆ. ಕ್ಯಾಮೆರಾ ಅವನ ಕಣ್ಣಾಗಿ ನಮ್ಮನ್ನೂ ಅಲ್ಲೇ ಕೂರಿಸುತ್ತದೆ ಎಂಬುದು ಅವರ ವಾದ. ನಾಯಕಿಯ ಸೊಂಟದಿಂದ ಶುರುವಾಗಿ ಮುಖಕ್ಕೆ ಕೊನೆಗೆ ಬರುವ ಶಾಟ್‌ ನೆನಪಿಸಿಕೊಳ್ಳಿ. ಹಿನ್ನೆಲೆಯಲ್ಲಿ ಅವಳು ಗೆಳತಿಯ ಜೊತೆ ಪರೀಕ್ಷೆ ಫೀಸಿನ ಮಾತಾಡಿದ್ದರೆ ಬೆಕ್‌ಡೆಲ್ ಲೆಕ್ಕದಲ್ಲಿ ಅದೂ ಪಾಸೇ.

ಮೂರನೇ ನಿಯಮವೂ ಅಷ್ಟು ಸರಳವಲ್ಲ. ಪ್ರೇಮಾ ಕಾರಂತರ ‘ಫಣಿಯಮ್ಮ’ದಲ್ಲಿ (1983) ಎಳೆಯ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲು ಒಪ್ಪುವುದಿಲ್ಲ, ತಾನೇ ಬಾಲವಿಧವೆಯಾದ ಫಣಿಯಮ್ಮ ಅವಳ ಬೆನ್ನಿಗೆ ನಿಲ್ಲುತ್ತಾಳೆ. ಇದು ಸತ್ತ ಗಂಡನ ವಿಷಯವೋ, ಬದುಕಿರುವವಳ ಕೂದಲಿನ ವಿಷಯವೋ? ಎರಡನೆಯದು ಎನ್ನುತ್ತೇನೆ ನಾನು. ಹಾಗೆ ಹೇಳಲು ಮಾತ್ರ ಸಿನಿಮಾವನ್ನು ಕೂತು ನೋಡಲೇಬೇಕು.