ಹೇಯ: ಬಿಡಬೇಕಾದದ್ದು ಬೈಗುಳವಾದ ಬಗೆ

‘ಇಂಥ ಹೇಯ ಕೃತ್ಯ ಎಸಗಿದವರನ್ನು ಕೂಡಲೇ ಬಂಧಿಸಬೇಕು.’ ಖಂಡನಾ ಹೇಳಿಕೆಗಳಲ್ಲಿ ಈ ವಾಕ್ಯ ಅಚ್ಚಿನ ಮೊಳೆಯಂತೆ ಕೂತುಬಿಟ್ಟಿದೆ. ಹೇಯ ಎಂದರೆ ಹೇಸಿಗೆ ಹುಟ್ಟಿಸುವಂಥದ್ದು ಎಂದೇ ನಾವು ಓದಿಕೊಳ್ಳುತ್ತೇವೆ. ಎರಡೂ ‘ಹೇ’ಯಿಂದ ಶುರುವಾಗುವುದರಿಂದ ಒಂದೇ ಬಳ್ಳಿಯ ಕಾಯಿಗಳು ಅನ್ನಿಸುವುದು ಸಹಜ. ಆದರೆ ನಂಟಿಲ್ಲ. ಹೇಸಿಗೆ ಅಚ್ಚಗನ್ನಡದ ಮಾತು. ಪಾಲು ಹಾಲಾದಂತೆ ಹಳಗನ್ನಡದ ‘ಪೇಸು’ ಹೇಸು ಆಯಿತು. ಹೇಯ ಬಂದದ್ದು ಸಂಸ್ಕೃತದಿಂದ, ಅದರ ಮೂಲದಲ್ಲಿ ಹೇಸಿಗೆಯ ಸೋಂಕೇ ಇಲ್ಲ.

‘ಹಾ’ ಎಂಬ ಧಾತುವಿಗೆ ಬಿಡು, ತೊರೆ ಎಂದು ಅರ್ಥ. ಕುಡಿಯತಕ್ಕದ್ದು ಪೇಯ, ಹಾಡತಕ್ಕದ್ದು ಗೇಯ, ತಿಳಿಯತಕ್ಕದ್ದು ಜ್ಞೇಯ. ಹಾಗೆಯೇ ಬಿಡತಕ್ಕದ್ದು ಹೇಯ. ಹೀನ, ಹಾನಿ ಇದೇ ಧಾತುವಿನ ಮಕ್ಕಳು. ಬಲಹೀನ ಎಂದರೆ ಬಲ ಬಿಟ್ಟುಹೋದವನು. ತಮಾಷೆಯೆಂದರೆ ‘ಕೃತ್ಯ’ವೂ ಇದೇ ಬಗೆಯ ಪದ, ಮಾಡತಕ್ಕದ್ದು ಎಂಬುದು ಅದರ ಮೂಲಾರ್ಥ. ವ್ಯುತ್ಪತ್ತಿಯನ್ನೇ ಹಿಡಿದು ಕೂತರೆ ಹೇಯ ಕೃತ್ಯವೆಂದರೆ ‘ಬಿಡತಕ್ಕ ಮಾಡತಕ್ಕದ್ದು’. ಪೊಲೀಸರು ಯಾರನ್ನು ಹಿಡಿಯಬೇಕೋ!

ಶಾಸ್ತ್ರಗ್ರಂಥಗಳಲ್ಲಿ ಈ ಪದಕ್ಕೆ ಸಿಟ್ಟಿರಲಿಲ್ಲ. ‘ಹೇಯಂ ದುಃಖಮನಾಗತಮ್’ ಎನ್ನುತ್ತದೆ ಪತಂಜಲಿಯ ಯೋಗಸೂತ್ರ: ಇನ್ನೂ ಬಾರದ ದುಃಖ ಹೇಯ. ಅಂದರೆ ಅದನ್ನು ತಪ್ಪಿಸಿಕೊಳ್ಳಬೇಕು, ಅಷ್ಟೇ. ಆ ಸೂತ್ರಗಳ ವ್ಯಾಖ್ಯಾನವಾದ ವ್ಯಾಸಭಾಷ್ಯ ಇದನ್ನು ವೈದ್ಯನ ಲೆಕ್ಕಕ್ಕೆ ಹೋಲಿಸುತ್ತದೆ. ಅಲ್ಲಿ ರೋಗ, ರೋಗದ ಕಾರಣ, ಆರೋಗ್ಯ, ಮದ್ದು; ಇಲ್ಲಿ ಹೇಯ, ಹೇಯದ ಕಾರಣ, ಅದರಿಂದ ಬಿಡುಗಡೆ, ಬಿಡುಗಡೆಯ ಉಪಾಯ. ರೋಗವನ್ನು ಯಾವ ವೈದ್ಯನೂ ಬೈಯುವುದಿಲ್ಲ. ಜೈನರಲ್ಲಿಯೂ ಹೇಯ, ಉಪಾದೇಯ ಎಂಬುದು ಬಿಡಬೇಕಾದ್ದು, ಹಿಡಿಯಬೇಕಾದ್ದು ಎಂಬ ವಿಂಗಡಣೆ. ಬಂಧ ಹೇಯ, ಮೋಕ್ಷ ಉಪಾದೇಯ. ರಾಮಾನುಜರ ಕಡೆಗೆ ಬಂದರೆ ಪದ ಕೊಂಚ ಕಪ್ಪಾಗಿದೆ: ಬ್ರಹ್ಮ ‘ಹೇಯಪ್ರತ್ಯನೀಕ’, ಎಲ್ಲ ಹೇಯಗಳಿಗೂ ಎದುರಾದದ್ದು. ಇಲ್ಲಿ ಹೇಯ ಬರಿಯ ಬಿಡತಕ್ಕದ್ದಲ್ಲ, ದೋಷವೇ ಆಗಿದೆ. ದೋಷದಿಂದ ಧಿಕ್ಕಾರಕ್ಕೆ ದೂರವೇನಿಲ್ಲ.

ಹೀಗೆ ಜಾರಿದ್ದು ಇದೊಂದೇ ಅಲ್ಲ. ನೀಚ ಎಂದರೆ ಕೆಳಗಿರುವುದು. ಶನಿ ಮೇಷದಲ್ಲಿ ನೀಚ ಎನ್ನುವ ಜ್ಯೋತಿಷಿ ಶನಿಯನ್ನು ಬೈಯುತ್ತಿರುವುದಿಲ್ಲ. ಅಸಹ್ಯ ಎಂದರೆ ತಾಳಲಾಗದ್ದು. ‘ಅನ್ಯರಿಗೆ ಅಸಹ್ಯಪಡಬೇಡ’ ಎಂದು 12ನೆಯ ಶತಮಾನದಲ್ಲಿ ಬಸವಣ್ಣ ಹೇಳುವಾಗ, ಆ ಪದ ಎದುರಿಗಿರುವವರನ್ನು ಕಂಡು ಮುಖ ಸಿಂಡರಿಸುವ ಭಾವಕ್ಕೆ ಆಗಲೇ ಬಂದಾಗಿತ್ತು.

ಇವತ್ತಿನ ಬಳಕೆಯಲ್ಲಿ ಹೇಯಕ್ಕೆ ತನ್ನದೇ ಕಟ್ಟುಪಾಡುಗಳಿವೆ. ಕೊಳಚೆ ನೀರು ಹೇಸಿಗೆ. ಅದನ್ನು ಹೇಯ ಎನ್ನುವವರಿಲ್ಲ. ಮನುಷ್ಯ ಬೇಕೆಂದೇ ಮಾಡಿದ್ದಕ್ಕೆ, ಆಡಿದ್ದಕ್ಕೆ, ಅವನ ಮನಃಸ್ಥಿತಿಗೆ ಮಾತ್ರ ಇದು ಅಂಟುತ್ತದೆ. ಮಾಡಿದವನನ್ನು ನೀಚ ಎನ್ನುತ್ತೇವೆ, ಮಾಡಿದ್ದನ್ನು ಹೇಯ ಎನ್ನುತ್ತೇವೆ. ಜೊತೆಗೆ ‘ಅತ್ಯಂತ’ ಸೇರಿಸುವ ಚಟ ನನಗೆ ಹಿಡಿಸುವುದಿಲ್ಲ. ಬಿಡಲೇಬೇಕಾದದ್ದರಲ್ಲಿ ಹೆಚ್ಚು ಕಡಿಮೆ ಎಂಥದ್ದು? ಸಣ್ಣಪುಟ್ಟ ಟೀಕೆಗೂ ‘ಅತ್ಯಂತ ಹೇಯ’ ಎಂದುಬಿಟ್ಟರೆ ಘೋರ ಅಪರಾಧ ನಡೆದ ದಿನ ಬರೆಯಲು ಪದವೇ ಉಳಿಯುವುದಿಲ್ಲ.

ಇನ್ನೊಂದು ವ್ಯತ್ಯಾಸ ಸೂಕ್ಷ್ಮವಾದದ್ದು. ‘ನನಗೆ ಹೇಸಿಗೆಯಾಯಿತು’ ಎನ್ನಬಹುದು; ‘ನನಗೆ ಹೇಯವಾಯಿತು’ ಎಂದು ಯಾರೂ ಹೇಳುವುದಿಲ್ಲ. ಹೇಸಿಗೆಗೆ ಹೇಸುವವನೊಬ್ಬ ಬೇಕು. ಹೇಯಕ್ಕೆ ಯಾರೂ ಬೇಕಿಲ್ಲ, ಅದು ಸಹಿಯಿಲ್ಲದ ತೀರ್ಪು. ಹೇಳಿಕೆ ಬರೆಯುವವರಿಗೆ ಅದು ಒಗ್ಗಿರುವುದು ಈ ಕಾರಣಕ್ಕೂ ಇರಬೇಕು. ಆದರೆ ಅದೇ ಪತ್ರಿಕೆಯ ಅಪರಾಧ ವರದಿಯಲ್ಲಿ ‘ಕೊಲೆಗೂ ಹೇಸದವನು’ ಎಂಬ ಮಾತೂ ಬರುತ್ತದೆ. ಅಲ್ಲಿ ಹೇಸಬೇಕಾದವನು, ಕೈ ಹಿಂದೆಗೆಯಬೇಕಾದವನು, ಮಾಡುವವನೇ.